ಕಿಟಕಿಯ ಸರದಿ

ಮಗುವಿನ ಕಿವಿಯೊಳಗೆ ಇಣುಕಿ ನೋಡುವುದಕ್ಕೆ ಎಷ್ಟು ಹೊತ್ತು ಬೇಕು? ಕೂದಲು ಸರಿಸಿ, ತಲೆಯನ್ನು ಬೆಳಕಿನ ಕಡೆ ತಿರುಗಿಸಿ, ಒಂದು ಕಣ್ಣು ಕಿರಿದು ಮಾಡಿಕೊಂಡರೆ ಆಯಿತು. ಅಷ್ಟು ಗೊತ್ತಿದ್ದೂ ಫುಲ್ವಿಯಾ ಕೋಟಿನ ತೋಳೊಳಗೆ ಕೈ ತೂರಿಸುತ್ತ, "ಆಮೇಲೆ ನೋಡ್ತೀನಿ ಕಂದಾ, ಆಮೇಲೆ" ಅಂದುಬಿಟ್ಟಿದ್ದಳು. ಮಿರ್ತಾ ಅಳಲಿಲ್ಲ. ಕಿವಿಯ ಮೇಲೆ ಅಂಗೈ ಒತ್ತಿಕೊಂಡು, ಹಾಲಿನ ಬಟ್ಟಲನ್ನೇ ನೋಡುತ್ತ, "ಆಮೇಲೆ ಅಂದ್ರೆ ಎಷ್ಟನೇದಮ್ಮಾ?" ಎಂದಳು. ಒಲೆಯ ಮುಂದೆ ನಿಂತಿದ್ದ ಫುಲ್ವಿಯಾಳ ತಾಯಿ ಬೆನ್ನು ತಿರುಗಿಸದೆ ನಕ್ಕಳು. "ಕೇಳು ಕೇಳು, ಚೆನ್ನಾಗಿ ಕೇಳು. ನಿಮ್ಮಮ್ಮ ಓದಿರೋದೇ ಅದು, ಜನಾನ ಸಾಲಾಗಿ ನಿಲ್ಲಿಸೋ ವಿದ್ಯೆ. ಮೀನಿನಂಗಡಿಯವನೂ ಚೀಟಿ ಕೊಟ್ಟು ಮಾಡ್ತಾನೆ ಅದನ್ನ." ಮೆಟ್ಟಿಲಿಳಿದು ಬೀದಿಗೆ ಬಂದಮೇಲೂ ಆ ಪ್ರಶ್ನೆ ಕೋಟಿನ ಅಂಚು ಹಿಡಿದುಕೊಂಡು ಹಿಂದೆಯೇ ಬಂತು. ಸಿರೊಕ್ಕೊ ಗಾಳಿ ಎರಡು ದಿನದಿಂದ ಬಿಟ್ಟಿರಲಿಲ್ಲ. ಸಮುದ್ರದಾಚೆಯ ಮರಳನ್ನು ಹೊತ್ತು ತಂದು ನಿಲ್ಲಿಸಿದ್ದ ಕಾರುಗಳ ಮೇಲೆಲ್ಲ ಸುರಿದಿತ್ತು; ಯಾರೋ ಒಂದು ಗಾಜಿನ ಮೇಲೆ ಬೆರಳಿನಿಂದ ಮುಖ ಬರೆದಿದ್ದರು, ಬಾಯಿ ಬರೆಯುವುದನ್ನು ಮರೆತಿದ್ದರು.

ನ್ಯಾಯಾಲಯಕ್ಕೆ ಅವಳು ಬರಲಾರಂಭಿಸಿ ಮೂರನೆಯ ವರ್ಷ. ವಿಶ್ವವಿದ್ಯಾಲಯದಲ್ಲಿ ಅವಳ ವಿಷಯದ ಹೆಸರು ಆಪರೇಷನ್ಸ್ ರಿಸರ್ಚ್. ಇಲ್ಲಿ, ಬೇಸಿಗೆಯಲ್ಲೂ ತಣ್ಣಗೆ ಬೆವರುವ ಈ ಕಾಂಕ್ರೀಟಿನ ಕಟ್ಟಡದಲ್ಲಿ, ಅದಕ್ಕೆ 'ಆ ಕಂಪ್ಯೂಟರ್ ಅಮ್ಮನ ಲೆಕ್ಕ' ಎಂದೇ ಹೆಸರು. ಮೊದಲ ಸಲ ಬಂದಾಗ ಅವಳು ಕಂಡದ್ದು ಅಡುಗೆಮನೆಯೊಂದರ ಹುಚ್ಚು: ಒಬ್ಬೊಬ್ಬ ನ್ಯಾಯಾಧೀಶರೂ ಲೆಕ್ಕವಿಲ್ಲದಷ್ಟು ಪಾತ್ರೆಗಳನ್ನು ಒಟ್ಟಿಗೇ ಒಲೆಗೇರಿಸಿಕೊಂಡು, ಒಂದೊಂದರಲ್ಲೂ ಒಂದೊಂದು ಸಲ ಸೌಟಾಡಿಸಿ, ಯಾವುದನ್ನೂ ಇಳಿಸದೆ ಕೂತಿದ್ದರು. ಎಲ್ಲ ಬೇಯುತ್ತಿತ್ತು, ಯಾವುದೂ ಬೆಂದಿರಲಿಲ್ಲ. ಅವಳು ಹೇಳಿದ್ದು ಸರಳ: ಕೆಲವೇ ಮೊಕದ್ದಮೆ ಹಿಡಿಯಿರಿ, ಮುಗಿಸಿ, ಇಳಿಸಿ, ಆಮೇಲೆ ಮುಂದಿನದು. ಹಾಗೇ ಮಾಡಿದರು. ಮೊಕದ್ದಮೆಗಳ ಸರಾಸರಿ ಆಯುಸ್ಸು ಇಳಿಯಿತು. ಅದನ್ನು ತೋರಿಸುವ ಪರದೆಯ ಮೇಲಿನ ಗೆರೆ ಬೆಟ್ಟದಿಂದ ಕಡಲಿಗಿಳಿಯುವ ಹಾದಿಯ ಹಾಗೆ ನಯವಾಗಿ ಕೆಳಗೆ ಹೋಯಿತು. ಮುಂದಿನ ವಾರ ಅದನ್ನು ನೋಡಲು ರಾಜಧಾನಿಯಿಂದ ಸಚಿವಾಲಯದವರು ಬರಲಿದ್ದರು. ಆ ಗೆರೆಯ ಅಡಿಯಲ್ಲಿ ಏನಿದೆಯೆಂಬುದು ಫುಲ್ವಿಯಾಗೆ ಮಾತ್ರ ಗೊತ್ತಿತ್ತು. ಗಡುವಿನೊಳಗೆ ಮುಗಿಯಬಹುದಾದ ಮೊಕದ್ದಮೆ ತಡವಾದರೆ ಲೆಕ್ಕಕ್ಕೆ ದಂಡ ಬೀಳುತ್ತದೆ. ಆದರೆ ಗಡುವು ದಾಟಿಯೇಬಿಟ್ಟ ಹಳೆಯ ಮೊಕದ್ದಮೆಗೆ ದಂಡ ಒಂದೇ ಸಲ. ಆಮೇಲೆ ಒಂದು ವರ್ಷ ತಡವಾದರೂ ಅಷ್ಟೇ, ಹತ್ತು ವರ್ಷವಾದರೂ ಅಷ್ಟೇ. ಆದ್ದರಿಂದ ಸರದಿಯ ಪಟ್ಟಿ ಕಟ್ಟುವ ಅವಳ ಯಂತ್ರ ಅವುಗಳನ್ನು ತುದಿಗೆ ತಳ್ಳುತ್ತಿತ್ತು. ಹೊಸದು ಬಂದ ಹಾಗೆಲ್ಲ ತುದಿ ಇನ್ನಷ್ಟು ದೂರ ಹೋಗುತ್ತಿತ್ತು. ದ್ವೇಷವಿಲ್ಲ, ಮರೆವೂ ಇಲ್ಲ. ತಡವಾದಷ್ಟೂ ದಂಡ ಬೆಳೆಯುವ ಹಾಗೆ ಬದಲಿಸಿ ಒಮ್ಮೆ ನೋಡಿದ್ದಳು. ಗೆರೆ ಬಾಲ ತುಳಿಸಿಕೊಂಡ ಬೆಕ್ಕಿನ ಹಾಗೆ ಬೆನ್ನು ಸೆಟೆಸಿ ಮೇಲೆದ್ದಿತ್ತು. ಅಳಿಸಿ, ಕಿಟಕಿಯಿಂದ ಹೊರಗೆ ನೋಡಿ, ಯಾರೂ ನೋಡಲಿಲ್ಲವೆಂದು ಖಚಿತ ಮಾಡಿಕೊಂಡಿದ್ದಳು. ಅದು ಮೂರನೆಯ ಮಹಡಿ. ಹೊರಗೆ ಯಾರಿರಲು ಸಾಧ್ಯ?

ಇವತ್ತು ವಾಯಿದೆಯ ದಿನ. ಹಳೆಯ ಮೊಕದ್ದಮೆಗಳನ್ನೆಲ್ಲ ಕೂಗಿ ಕರೆದು, ಅವಳ ಪಟ್ಟಿಯ ಪ್ರಕಾರ ಹೊಸ ದಿನಾಂಕ ಕೊಟ್ಟು ಕಳಿಸುವ ದಿನ. ಮಧ್ಯಾಹ್ನ ಪ್ರಧಾನ ನ್ಯಾಯಾಧೀಶರು ರುಜು ಹಾಕಿದರೆ ಪಟ್ಟಿ ಗಟ್ಟಿ. ಉದ್ದನೆಯ ಓಣಿಯಲ್ಲಿ ಗೋಡೆಯುದ್ದಕ್ಕೂ ಮರದ ಬೆಂಚುಗಳು, ಬೆಂಚುಗಳ ಮೇಲೆ ಕೋಟು ತೊಟ್ಟುಕೊಂಡೇ ಕೂತ ಮುದುಕರು. ಕಸ ಗುಡಿಸುವ ಮಿಮ್ಮಾ ಒದ್ದೆ ಬಟ್ಟೆಯ ಕೋಲು ತಳ್ಳುತ್ತ ಒಂದು ತುದಿಯಿಂದ ಬರುತ್ತಿದ್ದಳು. "ಕಾಲೆತ್ತಿ ಸಿನ್ಯೋರಾ. ಕಾಲೆತ್ತಿ ಅಜ್ಜಾ, ಆ ಬೂಟಲ್ಲಿ ಹೊಲಾನೇ ಹೊತ್ಕೊಂಡು ಬಂದಿದ್ದೀರಲ್ಲ. ವಕೀಲ್ರೇ ನಿಮ್ಗೂ ಕಾಲಿದೆ, ಎತ್ತಿ." ಎಲ್ಲರೂ ಮಕ್ಕಳ ಹಾಗೆ ಕಾಲೆತ್ತುತ್ತಿದ್ದರು. ಓಣಿಯ ಕೊನೆಯಲ್ಲಿ, ದೀಪ ಕೆಟ್ಟು ಯಾರೂ ಸರಿಮಾಡಿಸದ ಮೂಲೆಯ ಬೆಂಚಿನಲ್ಲಿ, ಕಂಬದ ಮರೆಯಲ್ಲಿ, ಕತಾಲ್ದೊ ಲಿಪ್ಪೊಲಿಸ್ ಕೂತಿದ್ದ. ಪ್ರತಿ ವಾಯಿದೆಗೂ ಅಲ್ಲೇ. ಮೊಕದ್ದಮೆ ಅವನ ಅಡುಗೆಮನೆಯ ಕಿಟಕಿಯದು: ಪಕ್ಕದ ಮನೆಯವನು ಮಹಡಿ ಏರಿಸಲು ಗೋಡೆ ಎಬ್ಬಿಸಿ ಕಿಟಕಿಯನ್ನು ಮುಚ್ಚಿಬಿಟ್ಟಿದ್ದ. ಗೋಡೆ ಒಡೆಯಬೇಕೋ ಬೇಡವೋ, ಅಷ್ಟೇ ಪ್ರಶ್ನೆ. ಒಬ್ಬ ನ್ಯಾಯಾಧೀಶ ಒಂದು ಬೆಳಿಗ್ಗೆ ಕೂತರೆ ಮುಗಿಯುವಂಥದ್ದು. ಮಿಮ್ಮಾ ಕೋಲು ತಳ್ಳುತ್ತ ಆ ಬೆಂಚಿನ ಅಡಿಗೂ ಬಂದಳು, ಒಂದು ಮಾತೂ ಆಡದೆ ಒರೆಸಿಕೊಂಡು ಹೋದಳು. ಪಾಪದವನೆಂದು ರಿಯಾಯಿತಿ ಕೊಟ್ಟಳೇನೋ ಎಂದುಕೊಂಡಳು ಫುಲ್ವಿಯಾ. ಆದರೆ ಒದ್ದೆಯ ಪಟ್ಟೆ ಆ ಕಡೆಯಿಂದ ಈ ಕಡೆಗೆ ಎಲ್ಲೂ ತುಂಡಾಗದೆ ಹೊಳೆಯುತ್ತಿತ್ತು.

"ಈ ಸಲ ಬಂತಾ ಮಗಳೇ?" ಎಂದ ಮುದುಕ. ಅವನು ಅವಳನ್ನು ಎಲ್ಲರ ಹಾಗೆ, ಓದಿದವಳೆಂಬ ಮರ್ಯಾದೆಗೆ, ದೊತ್ತೊರೆಸ್ಸಾ ಎನ್ನುತ್ತಿರಲಿಲ್ಲ.

"ಹತ್ರ ಬಂದಿದೆ ಅಜ್ಜಾ." ಸುಳ್ಳು ನಾಲಗೆಯ ಮೇಲೆ ಬಿಸ್ಕತ್ತಿನ ಹಾಗೆ ಕರಗಿತು. "ಯಾಕೆ ಕತ್ತಲಲ್ಲಿ ಕೂರ್ತೀರಿ? ಅಲ್ಲಿ ಬೆಳಕಿನ ಕಡೆ ಜಾಗ ಇದೆಯಲ್ಲ."

"ರೂಢಿ. ಮೊದಮೊದಲು ಮಧ್ಯಾಹ್ನಾನೂ ದೀಪ ಹಾಕ್ತಿದ್ವಿ. ಆಮೇಲೆ ನನ್ ಹೆಂಡ್ತಿ ಬೆರಳಲ್ಲೇ ಬೇಳೆ ಆರಿಸೋದು ಕಲಿತ್ಲು. ಕಲ್ಲು ತಣ್ಣಗಿರುತ್ತೆ, ಬೇಳೆ ಅಷ್ಟು ತಣ್ಣಗಿರಲ್ಲ ಅಂತಾಳೆ. ನಾನು ಗಡ್ಡ ಹೆರೆಯೋದೂ ತಡಕಾಡ್ಕೊಂಡೇ." ಕೆನ್ನೆ ಸವರಿಕೊಂಡ, ಸವರಿದ್ದಕ್ಕೆ ಸಪ್ಪಳವಿರಲಿಲ್ಲ. "ನಂಗೇನೂ ಅವಸರ ಇಲ್ಲಮ್ಮ ಈಗ. ಅವಳಿಗೆ ಮಾತ್ರ ಆ ಕಿಟಕೀಲಿ ಒಂದ್ಸಲ ಅಂಗಳ ನೋಡ್ಬೇಕಂತೆ. ಅಂಜೂರದ ಗಿಡ ಇತ್ತು. ಇದೆಯೋ ಇಲ್ವೋ ನೋಡ್ಬೇಕಂತೆ."

ಅವಳಿಗೆ ಹೇಳಬೇಕೆನಿಸಿತು: ಅಜ್ಜಾ, ನಿಮ್ಮ ಸರದಿ ಬರುವುದಿಲ್ಲ, ಬಾರದ ಹಾಗೆ ಮಾಡಿದ್ದು ನಾನು. ಪುಸ್ತಕದಲ್ಲಿ ಇದಕ್ಕೆ ಒಂದು ಹೆಸರೂ ಇದೆ, ಹಸಿವು ಎನ್ನುತ್ತಾರೆ. ಸಾಲಿನ ಕೊನೆಯವನು ಹಸಿದೇ ಇರುತ್ತಾನೆ. ತರಗತಿಯಲ್ಲಿ ಅದನ್ನು ಹೇಳುವಾಗ ಹುಡುಗರು ನಗುತ್ತಿದ್ದರು, ಅವಳೂ ನಗುತ್ತಿದ್ದಳು. ಹೇಳುವ ಬದಲು ಅವಳು ಕೈಚೀಲದೊಳಗೆ ಕೈಹಾಕಿ ಪಟ್ಟಿ ಇದೆಯೇ ಎಂದು ಮುಟ್ಟಿನೋಡಿಕೊಂಡಳು. ತಲೆಯೆತ್ತಿದಾಗ ಮುದುಕ ಅವಳನ್ನಲ್ಲ, ಅವಳ ಹಿಂದಿನ ಗೋಡೆಯನ್ನು, ಕಿಟಕಿಯಿಂದಾಚೆ ನೋಡುವವರ ಹಾಗೆ, ದೂರಕ್ಕೆ ಕಣ್ಣಿಟ್ಟು ನೋಡುತ್ತಿದ್ದ.

ಕೋರ್ಟಿನ ಕೋಣೆಯಲ್ಲಿ ಎಂದಿನಂತೆ ನಿಲ್ಲಲೂ ಜಾಗವಿರಲಿಲ್ಲ. ವಕೀಲರು ಸತ್ತ ಮನೆಗೆ ಬಂದ ನಂಟರ ಹಾಗೆ ಪ್ರಧಾನ ನ್ಯಾಯಾಧೀಶ ದೆ ರೂವೊ ಅವರ ಮೇಜನ್ನು ಸುತ್ತುವರಿದು, ಒಬ್ಬರ ಬೆನ್ನಿನ ಮೇಲೆ ಇನ್ನೊಬ್ಬರು ಕಾಗದವಿಟ್ಟುಕೊಂಡು ಬರೆಯುತ್ತಿದ್ದರು. ಗುಮಾಸ್ತ ಒರೊಂಜೊ ಬಾಗಿಲಲ್ಲಿ ನಿಂತು ಓಣಿಗೆ ಹೆಸರು ಕೂಗುವುದು, ಒಳಗೆ ವಕೀಲ ತಲೆಯಾಡಿಸುವುದು, ದಿನಾಂಕ, ಮುಂದಿನದು. "ಬನ್ನಿ ಬನ್ನಿ ದೊತ್ತೊರೆಸ್ಸಾ," ಎಂದರು ದೆ ರೂವೊ. "ನಮ್ಮ ಹಡಗನ್ನ ದಡ ಸೇರಿಸಿದೋರು ಇವರೇ. ಹಾಗೇ ಆ ಪ್ರಿಂಟರ್ ಸ್ವಲ್ಪ ನೋಡ್ತೀರಾ? ಬೆಳಿಗ್ಗೆಯಿಂದ ಕಾಗದ ನುಂಗ್ತಿದೆ." ವಕೀಲರು ನಕ್ಕರು. ಫುಲ್ವಿಯಾ ಬಗ್ಗಿ ಪ್ರಿಂಟರಿನ ಬಾಯಿ ತೆರೆದು, ಒಳಗೆ ಸಿಕ್ಕಿಕೊಂಡಿದ್ದ ಸುಕ್ಕು ಕಾಗದವನ್ನು ಎಳೆದು ತೆಗೆದಳು. ಇಷ್ಟು ಸಲೀಸಾಗಿ ಬಗ್ಗಿದ ತನ್ನ ಬೆನ್ನಿನ ಮೇಲೆ ಅವಳಿಗೇ ಸಿಟ್ಟು ಬಂತು. ಮಗಳ ಕಿವಿಗೆ ಬಗ್ಗದ ಬೆನ್ನು. ಎದ್ದು ನಿಂತು, "ಸರ್, ಪಟ್ಟಿಗೆ ರುಜು ಹಾಕೋ ಮುಂಚೆ ಒಂದು ವಿಷಯ ಹೇಳ್ಬೇಕಿತ್ತು. ಹಳೇ ಮೊಕದ್ದಮೆಗಳ ಬಗ್ಗೆ..." ಎಂದಳು.

"ಹಳೇದಾ? ಅದರ ತಂಟೆಗೆ ಹೋಗ್ಬೇಡಿ. ಗೆರೆ ಎಷ್ಟು ಚೆನ್ನಾಗಿ ಇಳೀತಿದೆ. ಮುಂದಿನ ವಾರ ಅವರು ನೋಡಿ ಹೋಗ್ಲಿ."

"ಆದ್ರೆ ಸರ್..."

"ಆಮೇಲೆ, ದೊತ್ತೊರೆಸ್ಸಾ," ಎಂದರು ಅವರು, ಅಕ್ಕರೆಯಿಂದಲೇ. "ಆಮೇಲೆ."

ಅವಳಿಗೆ ಮುಖ ಬಿಸಿಯಾಯಿತು. ಇನ್ನೊಂದು ಮಾತು ಆಡಿದ್ದರೆ ಆಗುತ್ತಿತ್ತು. ಅದು ಹೊರಡದಿದ್ದಾಗ ಒಳಗೆಲ್ಲೋ ಹಗುರವಾದದ್ದನ್ನೂ ಅವಳು ಗಮನಿಸಿದಳು. ಆಗಲೇ ಗುಂಪಿನಲ್ಲಿ ವಕೀಲೆ ತೆಯೊದೋರಾ ಸೆಮೆರಾರೊ ಕಂಡದ್ದು, ಲಿಪ್ಪೊಲಿಸನ ವಕೀಲೆ, ಮೂಗಿನ ತುದಿಗೆ ಕನ್ನಡಕ ಜಾರಿಸಿಕೊಂಡ ದಪ್ಪ ಹೆಂಗಸು. ಯಾರಿಗಾದರೂ ಏನಾದರೂ ಒಳ್ಳೆಯದು ಮಾಡಲೇಬೇಕೆನ್ನುವ ಆತುರದಲ್ಲಿ ಫುಲ್ವಿಯಾ ಅವಳ ಬಳಿ ಸರಿದು, "ವಕೀಲ್ರೇ, ಆ ಮುದುಕರನ್ನ ಮನೆಗೆ ಕಳಿಸಿ. ಪ್ರತಿ ವಾಯಿದೆಗೂ ಯಾಕೆ ಕರೆಸ್ತೀರಿ? ಚಳೀಲಿ ಕೂತಿರ್ತಾರೆ" ಎಂದಳು.

"ಯಾವ ಮುದುಕ?"

"ಲಿಪ್ಪೊಲಿಸ್. ಕಿಟಕಿ."

ಸೆಮೆರಾರೊ ಕನ್ನಡಕ ಮೇಲೇರಿಸಿದಳು. ಆಮೇಲೆ ಫುಲ್ವಿಯಾಳ ತೋಳು ಹಿಡಿದು, ಗುಂಪನ್ನು ಸೀಳಿಕೊಂಡು, ಮೆಟ್ಟಿಲಿನ ತಿರುವಿಗೆ ಎಳೆದುಕೊಂಡು ಹೋದಳು. "ಮೆಲ್ಲಗೆ ಮಾತಾಡಿ. ಯಾರು ಹೇಳಿದ್ರು ನಿಮಗೆ?"

"ಏನನ್ನ?"

"ಏನನ್ನ ಅಂತೆ! ಆತ ಕ್ರಿಸ್ಮಸ್ಸಿಗೆ ಮುಂಚೆ ಹೋಗ್ಬಿಟ್ಟ. ಶವಯಾತ್ರೆಗೆ ನಾನೇ ಹೋಗಿದ್ದೆ, ಆ ಗಾಳೀಲಿ ಹೂವಿನ ಹಾರ ಹಾರಿಹೋಗಿ ಪಾದ್ರಿಯ ತಲೆಗೆ ಬಿತ್ತು. ಇಲ್ಲಿ ಮಾತ್ರ ಬದುಕಿದ್ದಾನೆ. ಕಾನೂನು ನಿಮಗೆ ಗೊತ್ತಿಲ್ಲ, ಪಾಪ, ನೀವು ಲೆಕ್ಕದೋರು. ಕಕ್ಷಿದಾರ ಸತ್ತ ಅಂತ ಅವನ ವಕೀಲ ನ್ಯಾಯಾಧೀಶರ ಮುಂದೆ ಬಾಯಿಬಿಟ್ಟು ಹೇಳೋವರೆಗೂ ಅವನು ಸತ್ತಿಲ್ಲ. ನಾನು ಬಾಯಿಬಿಟ್ಟೆ ಅಂದ್ರೆ ಮೊಕದ್ದಮೆ ಅಲ್ಲಿಗೇ ನಿಲ್ಲುತ್ತೆ. ಆಮೇಲೆ ಹೆಂಡ್ತಿ ಹೊಸದಾಗಿ ಅರ್ಜಿ ಹಾಕ್ಬೇಕು, ನೋಟಿಸು, ಅದು ಇದು. ಅವಳಿಗೂ ವಯಸ್ಸಾಗಿದೆ, ಅದೇ ಕತ್ತಲೆ ಅಡುಗೆಮನೇಲಿ ಒಬ್ಳೇ ಇದ್ದಾಳೆ. ಅದಕ್ಕೇ ಅವನನ್ನ ಬದುಕಿಸಿಟ್ಟಿದ್ದೀನಿ. ಎಲ್ಲ ವಕೀಲರೂ ಮಾಡೋದೇ. ಆ ಓಣೀಲಿ ಇಂಥೋರು ಎಷ್ಟು ಜನ ಇದ್ದಾರೋ."

"ನಾನು ಈಗ ತಾನೇ ಅವರ ಜೊತೆ ಮಾತಾಡ್ದೆ."

"ಬೇರೆ ಯಾರೋ ಇರ್ಬೇಕು. ಮುದುಕರೆಲ್ಲ ಒಂದೇ ಥರ ಕಾಣ್ತಾರೆ, ಮನೇಲಿ ಹೊತ್ತು ಹೋಗ್ದೆ ಇಲ್ಲಿಗೆ ಬಂದು ಕೂರ್ತಾರೆ. ಮಗು ನಿದ್ದೆ ಮಾಡೋಕೆ ಬಿಡಲ್ವಾ ನಿಮ್ಮನ್ನ? ಕಣ್ಣು ನೋಡ್ಕೊಳ್ಳಿ."

ತಿರುವಿನಿಂದ ಓಣಿಯ ಕೊನೆ ಕಾಣುತ್ತಿತ್ತು. ಕಂಬ, ಕಂಬದಾಚೆ ಕೋಟಿನ ಒಂದು ತೋಳು, ಮಂಡಿಯ ಮೇಲೆ ಮಡಿಸಿಟ್ಟ ಟೋಪಿ. ಸೆಮೆರಾರೊ ಕೂಡ ಅತ್ತಲೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಖಾಲಿ ಬೆಂಚನ್ನು ನೋಡುವವರ ಬೇಸರವಿತ್ತು. ಫುಲ್ವಿಯಾಗೆ ಹೆದರಿಕೆಯಾಗಬೇಕಿತ್ತು. ಹೆದರಿಕೆಯ ಜಾಗದಲ್ಲಿ, ಯಾರೂ ಕೇಳದಿದ್ದರೂ, ತಲೆಯೊಳಗಿನ ಯಂತ್ರ ತಾನಾಗಿ ತಿರುಗತೊಡಗಿತು. ಮೊಕದ್ದಮೆ ನಿಂತರೆ ಅದು ಹಳೆಯದರ ರಾಶಿಯಿಂದ ಕಳೆಯುತ್ತದೆ. ಹೆಂಡತಿ ಅರ್ಜಿ ಹಾಕಿದ ದಿನ ಲೆಕ್ಕದಲ್ಲಿ ಅದು ಹೊಸದಾಗಿ ಹುಟ್ಟಿದ ಮೊಕದ್ದಮೆ. ಹೊಸದು, ಚಿಕ್ಕದು, ಗಡುವಿನೊಳಗೆ ಮುಗಿಯುವಂಥದ್ದು. ಯಂತ್ರ ಅದನ್ನು ಎತ್ತಿ ಸಾಲಿನ ಮುಂದಕ್ಕೆ ತಂದು ನಿಲ್ಲಿಸುತ್ತದೆ. ಬದುಕಿದ್ದರೆ ಕೊನೆ, ಸತ್ತರೆ ಮೊದಲು. ಗೆರೆಗೆ ಪೆಟ್ಟಿಲ್ಲ, ಗೆರೆ ಇನ್ನೂ ಒಂದಿಷ್ಟು ಇಳಿಯುತ್ತದೆ. ಮುದುಕಿಗೆ ಕಿಟಕಿ ಸಿಗುತ್ತದೆ. ತಾನು ದೆ ರೂವೊ ಅವರ ಮುಂದೆ ಬಾಯಿ ತೆರೆಯಬೇಕಾಗಿಲ್ಲ. ಇದು ಇಷ್ಟು ಅಚ್ಚುಕಟ್ಟಾಗಿ ಕೂಡಿಬಂದದ್ದು ನೋಡಿ ಅವಳ ಎದೆ, ಲೆಕ್ಕ ಬಿಡಿಸಿದ ಹುಡುಗಿಯ ಎದೆಯ ಹಾಗೆ, ಒಂದು ಕ್ಷಣ ನಾಚಿಕೆಯಿಲ್ಲದೆ ಹಿಗ್ಗಿತು.

"ಹೇಳಿಬಿಡಿ," ಎಂದಳು. "ಅವರು ಸತ್ತಿದ್ದಾರೆ ಅಂತ ಇವತ್ತೇ ಹೇಳಿಬಿಡಿ. ಹೊಸ ಅರ್ಜಿ ಹಾಕಿಸಿ. ಬೇಸಿಗೆಯೊಳಗೆ ತೀರ್ಪು ಬರುತ್ತೆ."

ಸೆಮೆರಾರೊ ಅವಳ ತೋಳು ಬಿಟ್ಟಳು. "ಹಾಗಾದ್ರೆ ಇಷ್ಟು ದಿನ ಬದುಕಿಸಿಟ್ಟಿದ್ದೇ ಅವಳ ಕತ್ತಲೆಗೆ ಕಾರಣ ಅಂತೀರಾ?"

"ಹಾಗಲ್ಲ..."

"ಹಾಗೇ. ನೀವು ಹೇಳ್ತಿರೋದು ಅದೇ." ಕನ್ನಡಕ ತೆಗೆದು ಕೋಟಿನ ಅಂಚಿಗೆ ಒರೆಸಿಕೊಂಡಳು. "ಮೂವತ್ತು ವರ್ಷದ ವಕೀಲಿಕೆ ನಂದು. ಸತ್ತೋರನ್ನ ಎಬ್ಬಿಸಿ ಕೂರಿಸೋದು ಕಲಿತಿದ್ದೆ. ಬದುಕಿರೋರ ಸರದಿ ತಪ್ಪಿಸೋದು ಲೆಕ್ಕದೋರಿಂದ ಕಲೀಬೇಕಾಯ್ತು ನೋಡಿ." ಬೈದಳೋ ಮೆಚ್ಚಿದಳೋ ತಿಳಿಯುವ ಮುನ್ನ ಒಳಗೆ ಹೋಗಿಬಿಟ್ಟಳು.

ಕೈಚೀಲದಲ್ಲಿ ಫೋನು ನಡುಗಿತು. ತಾಯಿ. "ಕಿವಿ ಕೆಂಪಗಾಗಿದೆ, ಡಾಕ್ಟರ್ ಹತ್ರ ನಾನೇ ಕರ್ಕೊಂಡು ಹೋಗ್ಲಾ? ತಗೋ, ನಿನ್ ಮಗಳು ಏನೋ ಕೇಳ್ಬೇಕಂತೆ." ಉಸಿರಿನ ಸದ್ದು. ಆಮೇಲೆ, "ಅಮ್ಮಾ, ಈಗ ನನ್ ನಂಬರ್ ಎಷ್ಟು?" ಫುಲ್ವಿಯಾ ಉತ್ತರಿಸಬೇಕು ಎನ್ನುವಷ್ಟರಲ್ಲಿ ಒರೊಂಜೊ ಬಾಗಿಲಿಗೆ ಬಂದು, ಎದೆ ತುಂಬ ಗಾಳಿ ಎಳೆದುಕೊಂಡು, ಓಣಿಗೆ ಕೂಗಿದ. "ಲಿಪ್ಪೊಲಿಸ್! ಲಿಪ್ಪೊಲಿಸ್ ಕತಾಲ್ದೊ!"

"ಇದ್ದೀನಿ," ಎಂದಿತು ಓಣಿಯ ಕೊನೆ.

ಜೋರಾಗಿಯೂ ಅಲ್ಲ, ಮೆಲ್ಲಗೂ ಅಲ್ಲ. ಪಕ್ಕದ ಕೋಣೆಯಿಂದ ಮನೆಯವರು ಓಗೊಡುವ ಹಾಗೆ. ಒರೊಂಜೊ ಆಗಲೇ ಒಳಕ್ಕೆ ತಿರುಗಿದ್ದ. ಫೋನು ಕೈಯಲ್ಲಿ ಹಾಗೇ ಇತ್ತು. ಫುಲ್ವಿಯಾ ಬಾಗಿಲಿಗೆ ಹೋಗಿ ನಿಂತಳು. ಈಗಲೂ ತಡವಾಗಿರಲಿಲ್ಲ. ತಡೆಯಿರಿ, ತಪ್ಪು ನನ್ನ ಪಟ್ಟಿಯಲ್ಲಿದೆ, ಎಂದರೆ ಸಾಕಿತ್ತು. ನಕ್ಕವರು ಇನ್ನೊಮ್ಮೆ ನಗುತ್ತಿದ್ದರು, ಗೆರೆ ಬೆನ್ನು ಸೆಟೆಸುತ್ತಿತ್ತು, ಅಷ್ಟೇ. ಬಾಯಿ ತೆರೆದಳು. ಬೆನ್ನುಗಳ ಗೋಡೆಯಾಚೆಯಿಂದ ಸೆಮೆರಾರೊಳ ದನಿ, ಹಾಲಿನವನಿಗೆ ನಾಳೆ ಬೇಡ ಎನ್ನುವಷ್ಟೇ ಸಹಜವಾಗಿ, ಕೇಳಿಸಿತು: "ನನ್ನ ಕಕ್ಷಿದಾರ ತೀರಿಕೊಂಡಿದ್ದಾನೆಂದು ನ್ಯಾಯಾಲಯಕ್ಕೆ ತಿಳಿಸುತ್ತೇನೆ." ಒಂದು ಕ್ಷಣ ಪೆನ್ನುಗಳು ನಿಂತವು. ಯಾರೋ ಅಭ್ಯಾಸದಿಂದ ಶಿಲುಬೆಯ ಗುರುತು ಮಾಡಿಕೊಂಡರು. ದೆ ರೂವೊ ಬರೆದರು. ಒರೊಂಜೊ ಕತ್ತು ಚಾಚಿ ಫುಲ್ವಿಯಾಗೆ ಕಣ್ಣು ಮಿಟುಕಿಸಿದ. "ಹಳೇದು ಒಂದು ಕಮ್ಮಿ ಆಯ್ತು ದೊತ್ತೊರೆಸ್ಸಾ! ನಿಮ್ ಗೆರೆಗೆ ಇನ್ನೊಂದು ಮೆಟ್ಲು." ದೆ ರೂವೊ ಪಟ್ಟಿಯನ್ನು ತಮ್ಮ ಕಡೆಗೆ ಎಳೆದುಕೊಂಡು ರುಜು ಹಾಕಿದರು.

ಅವಳು ಓಣಿಯುದ್ದಕ್ಕೂ ನಡೆದಳು. ಕಂಬದ ಹಿಂದಿನ ಬೆಂಚಿನಲ್ಲಿ ಯಾರೂ ಇರಲಿಲ್ಲ. ಮುಟ್ಟಿನೋಡಿದಳು, ಮರ ತಣ್ಣಗಿತ್ತು, ಬೇಳೆಗಿಂತ ತಣ್ಣಗೆ. ಮನಸ್ಸಿನಲ್ಲಿ ಒಂದು ಕಿಟಕಿ ತೆರೆದುಕೊಂಡು, ಮುದುಕಿಯೊಬ್ಬಳು ಅಂಜೂರದ ಗಿಡ ನೋಡುತ್ತಿರುವುದನ್ನು ತಂದುಕೊಳ್ಳಲು ಯತ್ನಿಸಿದಳು. ಗಿಡ ಬಂತು, ಮುದುಕಿ ಬಂದಳು, ಬೆಳಕು ಬರಲಿಲ್ಲ. ಆಗ ಅವಳಿಗೆ ಓಣಿಯ ನಿಶ್ಶಬ್ದ ತಿಳಿಯಿತು. ಗೋಡೆಯುದ್ದಕ್ಕೂ ಕೂತವರೆಲ್ಲ ಅವಳ ಕಡೆಗೆ ತಿರುಗಿದ್ದರು. ಸಿಟ್ಟಿಲ್ಲ, ದೂರಿಲ್ಲ, ಬಸ್ಸು ಬಂತೇ ಎಂದು ನೋಡುವ ಮುಖಗಳು. ಯಾರೂ ಕೆಮ್ಮುತ್ತಿರಲಿಲ್ಲ. ಅಷ್ಟು ಜನ ಮುದುಕರು, ಈ ಥಂಡಿಯಲ್ಲಿ, ಒಬ್ಬರೂ ಕೆಮ್ಮುತ್ತಿರಲಿಲ್ಲ.

ಪಕ್ಕದ ಬೆಂಚಿನ ತುದಿಯಲ್ಲಿ ಕಪ್ಪು ಶಾಲು ಹೊದ್ದ ಹೆಂಗಸೊಬ್ಬಳು ಮುಂದಕ್ಕೆ ಬಾಗಿದಳು. "ನೀವೇ ಅಲ್ವಾ ತಾಯೀ, ಆ ಲೆಕ್ಕದೋರು? ನಮ್ ವಕೀಲ್ರಿಗೂ ಒಂದ್ ಮಾತು ಹೇಳಿ. ನಂದೂ ಹೇಳ್ಬಿಡಿ ಅಂತ. ನಂಗೂ ಕೂತು ಕೂತು ಸಾಕಾಗಿದೆ."

"ಆಮೇಲೆ," ಎಂದಳು ಫುಲ್ವಿಯಾ. ಆ ಮಾತು ಅವಳನ್ನು ಕೇಳದೆಯೇ ಹೊರಗೆ ಬಂದಿತ್ತು. "ಆಮೇಲೆ ಹೇಳ್ತೀನಿ."

"ಸರಿ ಬಿಡಿ." ಹೆಂಗಸಿಗೆ ಬೇಸರವಾದಂತೆ ಕಾಣಲಿಲ್ಲ. "ಅಲ್ಲೀವರೆಗೆ ಕೂತ್ಕೊಳ್ಳಿ ಮತ್ತೆ. ಅದು ಖಾಲಿಯಾಯ್ತಲ್ಲ."

ಅವಳು ಲಿಪ್ಪೊಲಿಸನ ಜಾಗದಲ್ಲಿ ಕೂತಳು. ಒಂದು ಕ್ಷಣ ಅಷ್ಟೇ, ಆಮೇಲೆ ಮನೆಗೆ, ಮಿರ್ತಾಳ ಕಿವಿಗೆ. ಕೈಯಲ್ಲಿದ್ದ ಫೋನಿನಿಂದ ಸಣ್ಣ ದನಿ ಇನ್ನೂ ಬರುತ್ತಲೇ ಇತ್ತು, ಅಮ್ಮಾ, ಅಮ್ಮಾ ಅನ್ನುತ್ತಿತ್ತು. "ಇದ್ದೀನಿ," ಎಂದಳು. ದನಿ ನಿಲ್ಲಲಿಲ್ಲ. "ಇದ್ದೀನಿ ಕಂದಾ," ಎಂದಳು ಮತ್ತೆ. "ಅಜ್ಜೀ, ಅಮ್ಮ ಮಾತೇ ಆಡ್ತಿಲ್ಲ," ಎಂದು ಆ ಕಡೆ ಮಗು ಹೇಳಿದ್ದು ಕೇಳಿಸಿತು. ಮಿಮ್ಮಾ ಓಣಿಯ ಆ ತುದಿಯಿಂದ ಎರಡನೆಯ ಸಲ ಒರೆಸುತ್ತ ಬರುತ್ತಿದ್ದಳು. ಕೋಲು ಹತ್ತಿರ ಬಂತು, ಸಾಬೂನಿನ ವಾಸನೆ ಬಂತು. ಫುಲ್ವಿಯಾ ಎರಡೂ ಕಾಲುಗಳನ್ನು ನೆಲದ ಮೇಲೆ ಊರಿ, ಅಲ್ಲಾಡದೆ, ಬೈಸಿಕೊಳ್ಳಲು ಕಾದಳು. ಒದ್ದೆ ಬಟ್ಟೆ ಅವಳ ಬೂಟುಗಳಿದ್ದ ಜಾಗವನ್ನು ಆ ಕಡೆಯಿಂದ ಈ ಕಡೆಗೆ ಒರೆಸಿಕೊಂಡು, ಒಂದು ಮಾತೂ ಇಲ್ಲದೆ, ಮುಂದಕ್ಕೆ ಹೋಯಿತು.